ಸಿರಿಲ್ ಕ್ರ್ಯಾಬ್‌ಟ್ರೀಯ ಬೆರಕೆ ಎಂಜಿನುಗಳು

ಆಕರ್‌ಡೇಲಿನ ಸ್ಟೇಷನ್ ರಸ್ತೆಯಲ್ಲಿ ನನ್ನ ಔಷಧದ ಅಂಗಡಿಗೂ ಸಿರಿಲ್ ಕ್ರ್ಯಾಬ್‌ಟ್ರೀಯ ಕ್ಷೌರದಂಗಡಿಗೂ ನಡುವೆ ಇದ್ದದ್ದು ಒಂದೇ ಇಟ್ಟಿಗೆಯ ಗೋಡೆ. ಆ ಕಡೆ ಅವನು ಅರ ಹಿಡಿದು ಏನಾದರೂ ಉಜ್ಜಿದರೆ ಈ ಕಡೆ ನನ್ನ ಕೆಮ್ಮಿನ ಔಷಧದ ಸೀಸೆಗಳು ಸಣ್ಣಗೆ ನಡುಗುತ್ತಿದ್ದವು. ಗಿರಾಕಿಗಳಿಲ್ಲ, ಸಿರಿಲ್ ಕತ್ತರಿ ಕೆಳಗಿಟ್ಟು ರೈಲಿನ ಕೆಲಸಕ್ಕೆ ಕೂತಿದ್ದಾನೆ ಎಂದು ನನಗೆ ತಿಳಿಯುತ್ತಿದ್ದದ್ದೇ ಹಾಗೆ.

ಅವನು ಮಾಡುತ್ತಿದ್ದದ್ದು ಗೇಣುದ್ದದ ಆಟದ ಎಂಜಿನುಗಳನ್ನು. ಅಂಗಡಿಯಲ್ಲಿ ಸಿಗುವಂಥವಲ್ಲ. ನಮ್ಮೂರಿನ ಪ್ರತಿ ಮನೆಯ ಅಟ್ಟದಲ್ಲೂ ಮಕ್ಕಳು ಆಡಿ ಬಿಸಾಕಿದ ಮುರುಕು ರೈಲು ಇದ್ದೇ ಇರುತ್ತಿತ್ತು. ಅಟ್ಟ ಗುಡಿಸಿದವರೆಲ್ಲ ಅದನ್ನು ತಂದು ಸಿರಿಲ್‌ನ ಅಂಗಡಿಯಲ್ಲಿ ಹಾಕುತ್ತಿದ್ದರು. ಕನ್ನಡಿಯ ಕೆಳಗಿನ ಖಾನೆಗಳಲ್ಲಿ ಬಾಚಣಿಗೆ, ಬ್ರಷ್ಷುಗಳಿಗೆ ಜಾಗವಿಲ್ಲದೆ ಬಿಸ್ಕತ್ತಿನ ಡಬ್ಬಿಗಳು ತುಂಬಿಕೊಂಡಿದ್ದವು. ಒಂದರಲ್ಲಿ ಬರೀ ಗಾಲಿ, ಒಂದರಲ್ಲಿ ಚಿಮಣಿ, ಇನ್ನೊಂದರಲ್ಲಿ ಬೆರಳಿನುಗುರಿನಷ್ಟು ಸ್ಕ್ರೂಗಳು. ಒಂದು ಕಂಪನಿಯ ಬಾಯ್ಲರನ್ನು ಇನ್ನೊಂದು ಕಂಪನಿಯ ಗಾಲಿಗಳ ಮೇಲೆ ಕೂರಿಸಿ, ಮೇಲೊಂದು ಪೆನ್ನಿನ ಮುಚ್ಚಳವನ್ನೋ ಹೊಲಿಗೆಯ ಬೆರಳುಟೋಪಿಯನ್ನೋ ಬೆಸೆದು, ಪ್ರಪಂಚದ ಯಾವ ಹಳಿಯ ಮೇಲೂ ಯಾರೂ ಕಂಡಿರದ ಎಂಜಿನನ್ನು ಅವನು ಮಾಡಿ ನಿಲ್ಲಿಸುತ್ತಿದ್ದ.

ಅವು ಮನುಷ್ಯರ ಹಾಗೆ ಕಾಣತೊಡಗಿದ್ದು ಅಕಸ್ಮಾತ್ತಾಗಿ. ಅಂಚೆಯ ಆರ್ನಲ್ಡ್ ಟಿಪ್ಪಿಂಗ್ ಒಂದು ದಿನ ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದ. ಹಿಮದಲ್ಲಿ ಸೈಕಲ್ಲಿನಿಂದ ಬಿದ್ದ ಮೇಲೆ ಅವನ ಎಡಗಾಲು ಸ್ವಲ್ಪ ಕುಂಟು. ಸಿರಿಲ್ ಹೊಸ ಎಂಜಿನೊಂದನ್ನು ಕನ್ನಡಿಯ ಮುಂದಿನ ತುಂಡು ಹಳಿಯ ಮೇಲೆ ಓಡಿಸಿ ನೋಡುತ್ತಿದ್ದ. ಬಲಗಡೆಯ ಗಾಲಿಗಳು ಒಂದು ಎಂಜಿನಿನವು, ಎಡಗಡೆಯವು ಮತ್ತೊಂದರವು. ಎರಡೂ ಕಡೆಯವು ಒಂದಕ್ಕೊಂದು ಹೊಂದದೆ ಎಂಜಿನು ಹೆಜ್ಜೆಗೊಮ್ಮೆ ಎಡಕ್ಕೆ ಕುಸಿದು, ಸಾವರಿಸಿಕೊಂಡು, ಮುಂದೆ ಹೋಗುತ್ತಿತ್ತು.

"ಏ, ಸಿರಿಲ್! ಅದು ನಾನಲ್ವೇನೋ!" ಎಂದು ಆರ್ನಲ್ಡ್ ನೊರೆ ಹಾರುವಂತೆ ನಕ್ಕ.

ಸಿರಿಲ್ ನಾಚಿಕೊಂಡ. "ತಾಳು, ಗಾಲಿ ಬಿಚ್ಚಿ ಸರಿಮಾಡ್ತೀನಿ."

"ಮುಟ್ಟಿದ್ರೆ ನೋಡು! ಕುಂಟ್ಕೊಂಡಾದ್ರೂ ಕೊನೇ ಮನೆ ತನಕ ಹೋಗ್ತಾ ಇದೆಯಲ್ಲ, ಬಿಡು ಅದನ್ನ."

ಆ ಎಂಜಿನಿಗೆ ಕೆಂಪು ಬಣ್ಣ ಬಳಿದು, ಪಕ್ಕದಲ್ಲಿ 'ಆರ್ನಲ್ಡ್' ಎಂದು ಬರೆದು, ಸಿರಿಲ್ ಅಂಗಡಿಯ ಕಿಟಕಿಯಲ್ಲಿಟ್ಟ. ಅಲ್ಲಿಂದ ಶುರುವಾಯಿತು ನೋಡಿ. ಕ್ಷೌರಿಕನ ಕುರ್ಚಿಯಲ್ಲಿ ಅರ್ಧ ಗಂಟೆ ಕೂತವನು ತನ್ನ ನಡೆನುಡಿಯನ್ನೆಲ್ಲ ಅಲ್ಲಿ ಬಿಟ್ಟೇ ಎದ್ದುಹೋಗುತ್ತಾನೆ. ಸಿರಿಲ್ ಅದನ್ನು ಎತ್ತಿಟ್ಟುಕೊಳ್ಳುತ್ತಿದ್ದ. ಪಾದ್ರಿಗಳ ಎಂಜಿನಿಗೆ ಕೊಕ್ಕರೆಯ ಕತ್ತಿನಂಥ ಚಿಮಣಿ. ಹೆಣದ ಪೆಟ್ಟಿಗೆ ಮಾಡುವ ಆಲ್ಬರ್ಟ್‌ನದು ಕಪ್ಪು ಮೈ, ಆದರೆ ಅಡಿಯ ಗಾಲಿಗಳು ಮಾತ್ರ ಹಳದಿ, ಯಾಕೆಂದರೆ ಆಲ್ಬರ್ಟ್ ಹಳದಿ ಕಾಲುಚೀಲ ಹಾಕುತ್ತಿದ್ದದ್ದು ಊರಿಗೆಲ್ಲ ಗೊತ್ತಿತ್ತು. ನನ್ನ ಎಂಜಿನಿನಲ್ಲಿ ಡ್ರೈವರು ನಿಲ್ಲುವ ಗೂಡಿನ ಮೇಲೆ ಮೂರು ಬೆರಳಗಲದ ಸೂರು ಚಾಚಿಕೊಂಡಿತ್ತು. ಬಿಸಿಲಿದ್ದರೂ ಕೊಡೆ ಬಿಡದವರಿಗೆ ಅದೇ ಸರಿ ಎಂದ. ಅದು ಈಗಲೂ ನನ್ನ ಗಲ್ಲಾದ ಪಕ್ಕದಲ್ಲಿದೆ.

ಇದೆಲ್ಲ ಸರಿಬೀಳದಿದ್ದದ್ದು ಒಬ್ಬರಿಗೇ, ಲೆನಾರ್ಡ್ ಪ್ರೌಟ್ ಅವರಿಗೆ. ಸಿರಿಲ್ ಮತ್ತು ನಾನು ಸದಸ್ಯರಾಗಿದ್ದ ನಮ್ಮೂರಿನ ಮಾದರಿ ರೈಲು ಕ್ಲಬ್ಬು ಗುರುವಾರ ಸಂಜೆಗಳಲ್ಲಿ ಮೆಥಡಿಸ್ಟ್ ಚರ್ಚಿನ ಹಿಂದಿನ ಕೋಣೆಯಲ್ಲಿ ಸೇರುತ್ತಿತ್ತು. ಪ್ರೌಟ್ ಅದರ ಕಾರ್ಯದರ್ಶಿ. ಮೂವತ್ತೆಂಟು ವರ್ಷ ರೈಲ್ವೆ ಕಚೇರಿಯಲ್ಲಿ ನಕ್ಷೆ ಬರೆದು ನಿವೃತ್ತರಾದವರು. ಕೋಟಿನ ಎದೆಜೇಬಿನಲ್ಲಿ ಒಂದು ಉಕ್ಕಿನ ಅಳತೆಪಟ್ಟಿ, ಒಂದು ಸಣ್ಣ ಸ್ಕ್ರೂಡ್ರೈವರು ಸದಾ ಇರುತ್ತಿದ್ದವು. ನಿಜವಾಗಿ ಎಂದಾದರೂ ಓಡಿದ ಎಂಜಿನಿನ ತದ್ರೂಪಕ್ಕೆ ಮಾತ್ರ ಕ್ಲಬ್ಬಿನ ಹಳಿಯ ಮೇಲೆ ಜಾಗ ಎಂಬ ನಾಲ್ಕನೆಯ ನಿಯಮವನ್ನು ಬರೆದವರೂ ಅವರೇ.

"ಮಿಸ್ಟರ್ ಕ್ರ್ಯಾಬ್‌ಟ್ರೀ, ಇದು ಯಾವ ಕಂಪನಿಯ ಎಂಜಿನು?"

"ಯಾವ ಕಂಪನೀದೂ ಅಲ್ಲ ಮಿಸ್ಟರ್ ಪ್ರೌಟ್. ಇದು ನಮ್ಮ ಪಾದ್ರಿಗಳು."

"ಪಾದ್ರಿಗಳು ಹಳಿ ಮೇಲೆ ಓಡಾಡೋ ಹಾಗಿಲ್ಲ."

ಸಿರಿಲ್ ನಕ್ಕು ಪಾದ್ರಿಗಳನ್ನು ಜೇಬಿಗೆ ಹಾಕಿಕೊಂಡ. ಅವನಿಗೆ ಜಗಳವೆಂದರೆ ಆಗದು. ಗುರುವಾರಗಳಂದು ಬೇರೆಯವರ ಬೋಗಿಗಳಿಗೆ ಬಣ್ಣ ಬಳಿದುಕೊಟ್ಟು, ಚಹಾ ಕುಡಿದು ಬರುತ್ತಿದ್ದ. ತನ್ನ ಎಂಜಿನುಗಳಿಗೆ ಅಂಗಡಿಯ ಕಿಟಕಿಯಲ್ಲೇ ಹಲಗೆ ಹಾಕಿ, ದುಂಡಗೆ ಹಳಿ ಜೋಡಿಸಿದ. ಎದುರಿಗೇ ಬಸ್ ನಿಲ್ದಾಣ. ಬಸ್ಸು ತಡವಾದಷ್ಟೂ ಜನಕ್ಕೆ ಸಂತೋಷ.

ತೊಂದರೆ ಬಂದದ್ದು ಹಿಲ್ಡಾ ಬೂತ್‌ಳ ಎಂಜಿನಿನಿಂದ.

ಹಿಟ್ಟಿನೊಳಗೆ ಮಾಂಸವನ್ನೋ ಆಲೂಗಡ್ಡೆಯನ್ನೋ ತುಂಬಿ ಸುಟ್ಟ ಪೈಗಳನ್ನು ಮಾರುವ ಹಿಲ್ಡಾಳ ಅಂಗಡಿ ಬಸ್ ನಿಲ್ದಾಣದ ಪಕ್ಕದ್ದು. ಗಿರಣಿಯ ಹತ್ತಿಧೂಳಿಗೆ ಗಂಡನ ಎದೆ ಕೆಟ್ಟುಹೋದ ಮೇಲೆ ಅವಳೊಬ್ಬಳೇ ಆ ಅಂಗಡಿ ನಡೆಸಿ ಮೂರು ಹೆಣ್ಣುಮಕ್ಕಳನ್ನು ದಡ ಸೇರಿಸಿದ್ದಳು. ಹಿಟ್ಟಿನ ಮೂಟೆಯನ್ನು ಗಂಡಸರ ಹಾಗೆ ಹೆಗಲಿಗೇರಿಸುತ್ತಿದ್ದಳು. ಆಳೂ ದೊಡ್ಡದೇ, ದನಿಯೂ ದೊಡ್ಡದೇ. ಸಿರಿಲ್ ಸಾಸಿವೆಪುಡಿಯ ದುಂಡನೆಯ ಹಳದಿ ಡಬ್ಬಿಯನ್ನು ಬಾಯ್ಲರು ಮಾಡಿದ. ಒಳಗೆ ಮೀನು ಹಿಡಿಯುವವರ ಸೀಸದ ಗುಂಡುಗಳನ್ನು ತುಂಬಿದ. ಹಳೆಯ ಎಕ್ಸ್‌ಪ್ರೆಸ್ ಎಂಜಿನೊಂದರ ಬಲವಾದ ಮೋಟಾರು ಹಾಕಿದ. ಗಾಲಿಗಳು ಸಣ್ಣವು, ಚಿಮಣಿ ಮೋಟು. ಮುಂದೆ ಏಪ್ರನ್ನಿನ ಹಾಗೆ ಒಂದು ಬಿಳಿ ತಗಡು. 'ಹಿಲ್ಡಾ' ಎಂದು ಚಂದವಾಗಿ ಬರೆದು, ಸೋಮವಾರ ಬೆಳಿಗ್ಗೆ ಕಿಟಕಿಯಲ್ಲಿ ಓಡಲು ಬಿಟ್ಟ.

ಎಂಟೂವರೆಯ ಬಸ್ಸಿನ ಕಂಡಕ್ಟರು ಅದನ್ನು ನೋಡಿದ. "ದಾರಿ ಬಿಡ್ರಪ್ಪೋ, ಹಿಲ್ಡಾ ಬಂದ್ಲು! ಹಳಿ ಬಗ್ಗೀತು!" ಎಂದು ಕೂಗಿದ. ಸಾಲಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಪೈ ಅಂಗಡಿಯ ಬಾಗಿಲು ತೆರೆದೇ ಇತ್ತು.

ಹಿಲ್ಡಾ ಕೈಗೆ ಮೆತ್ತಿದ ಹಿಟ್ಟನ್ನೂ ಒರೆಸಿಕೊಳ್ಳದೆ ರಸ್ತೆ ದಾಟಿ ಬಂದಳು. ನಾನೂ ಹೊರಗೆ ಬಂದೆ, ಬರದೆ ಇರುವುದು ಹೇಗೆ?

"ಸಿರಿಲ್ ಕ್ರ್ಯಾಬ್‌ಟ್ರೀ! ಬಾರೋ ಹೊರಗೆ!"

ಸಿರಿಲ್ ಕೈಯಲ್ಲಿ ಕತ್ತಿ ಹಿಡಿದೇ ಬಾಗಿಲಿಗೆ ಬಂದ. "ಏನಾಯ್ತು ಹಿಲ್ಡಾ? ಚಳಿ ಇದೆ, ಒಳಗೆ ಬಾ."

"ಒಳಗೆ ಬರೋಕೆ ನಿನ್ನ ಬಾಗಿಲು ಸಾಕಾಗುತ್ತೇನೋ? ನಾನು ಸಾಸಿವೆ ಡಬ್ಬಿ ಅಲ್ವಾ?"

"ಅಯ್ಯೋ, ನಾನು ಹಾಗಂದ್ಕೊಂಡು..."

"ಹೇಗಂದ್ಕೊಂಡೆ? ಊರೆಲ್ಲ ಹಲ್ಲು ಕಿಸೀತಾ ಇದೆ! ನಿನ್ನ ಮೂತಿಗೆ ಒಂದು ಎಂಜಿನ್ ಮಾಡ್ಕೊಳ್ಳೋ ಮೊದ್ಲು, ತುಕ್ಕು ಹಿಡಿದ ಸೂಜಿ ಒಂದು ಸಾಕು ಅದಕ್ಕೆ!"

ಕುರ್ಚಿಯಲ್ಲಿ ಅರ್ಧ ಗಡ್ಡ ಹೆರೆಸಿಕೊಂಡವನು ಕಾಯುತ್ತಲೇ ಇದ್ದ. ಹಿಲ್ಡಾ ಹಿಂತಿರುಗಿ ಹೋಗಿ ಬಾಗಿಲು ಬಡಿದ ರಭಸಕ್ಕೆ ಅವಳ ಅಂಗಡಿಯ ಗಂಟೆ ಕಳಚಿ ಬಿತ್ತು.

ಅಂದಿನಿಂದ ಕ್ರ್ಯಾಬ್‌ಟ್ರೀ ಮನೆಗೆ ಪೈ ಬಂದ್. ಸಿರಿಲ್‌ನ ಹೆಂಡತಿ ಎನಿಡ್ ಶುಕ್ರವಾರ ಸಾಲಿನಲ್ಲಿ ನಿಂತರೆ ಹಿಲ್ಡಾ, "ಮುಗೀತು," ಎಂದಳು.

"ಮುಗೀತಾ? ಇಲ್ಲೇ ಒಂದು ತಟ್ಟೆ ತುಂಬ ಇದ್ಯಲ್ಲೇ ಹಿಲ್ಡಾ."

"ಅವೆಲ್ಲ ದಪ್ಪಗಿರೋರಿಗೆ."

ನಾನು ಎರಡು ಪೈ ಕೇಳಿದರೆ, "ಎರಡನೇದು ಯಾರ ಹೊಟ್ಟೆಗೆ?" ಎಂದು ನನ್ನ ಕಣ್ಣಲ್ಲೇ ಕಣ್ಣಿಡುತ್ತಿದ್ದಳು. ನನಗೆ ಸುಳ್ಳು ಹೇಳಲು ಬರದು. ಹೀಗೆ ಆರು ವಾರ ನಡೆಯಿತು. ಸಿರಿಲ್‌ಗೆ ಪೈ ಇಲ್ಲದ್ದಕ್ಕಿಂತ ಬೇರೆಯದೇ ನೋವು. ಕಿಟಕಿಯ ಹಲಗೆಯನ್ನೇ ತೆಗೆದುಬಿಟ್ಟ. ಗೋಡೆಯಾಚೆ ಅರದ ಸದ್ದು ನಿಂತಿತು. ಕೊನೆಗೊಂದು ಗುರುವಾರ 'ಹಿಲ್ಡಾ'ಳನ್ನು ಬೂಟಿನ ಪೆಟ್ಟಿಗೆಯಲ್ಲಿಟ್ಟು ಕ್ಲಬ್ಬಿಗೆ ತಂದು ಪ್ರೌಟ್ ಅವರ ಮುಂದಿಟ್ಟ.

"ಇದನ್ನ ಬಿಚ್ಚಿಬಿಡಿ ಮಿಸ್ಟರ್ ಪ್ರೌಟ್. ಮೋಟಾರು ಒಳ್ಳೇದಿದೆ, ಕ್ಲಬ್ಬಿಗಾಗುತ್ತೆ."

"ನೀವೇ ಬಿಚ್ಚಬಹುದಲ್ಲ?"

"ನನಗೆ ಕೈ ಬರ್ತಿಲ್ಲ," ಎಂದು ಹೇಳಿ ಚಹಾ ಕೂಡ ಕುಡಿಯದೆ ಹೊರಟುಹೋದ.

ಪ್ರೌಟ್ ಅವರಲ್ಲೊಂದು ಪದ್ಧತಿ ಇತ್ತು. ಯಾವ ಎಂಜಿನನ್ನಾಗಲಿ ಬಿಚ್ಚುವ ಮುಂಚೆ ಅದರ ಮೋಟಾರಿನ ಶಕ್ತಿ ಎಷ್ಟೆಂದು ಪರೀಕ್ಷಿಸಿ ಪುಸ್ತಕದಲ್ಲಿ ಬರೆಯಬೇಕು. ಕ್ಲಬ್ಬಿನ ಹಳಿಯಲ್ಲಿ ಒಂದು ಕಡಿದಾದ ಏರು ಇದೆ. ನಾಲ್ಕನೆಯ ನಿಯಮವನ್ನು ಮುರಿಯುವಾಗ ಅವರ ಮುಖ ಕಹಿ ಕುಡಿದಂತಿತ್ತು. ಆದರೂ 'ಹಿಲ್ಡಾ'ಳನ್ನು ಹಳಿಯ ಮೇಲಿಟ್ಟು, ಹಿಂದೆ ಹತ್ತು ಗೂಡ್ಸ್ ಬೋಗಿ ಕಟ್ಟಿದರು, ಎಲ್ಲವಕ್ಕೂ ಭಾರ ತುಂಬಿ. ಅವಳು ಹತ್ತಿದಳು. ಹದಿನೈದು ಕಟ್ಟಿದರು. ಹತ್ತಿದಳು. ಇಪ್ಪತ್ತಾಯಿತು, ಇಪ್ಪತ್ತೈದಾಯಿತು. ನಾವೆಲ್ಲ ಚಹಾದ ಲೋಟ ಕೆಳಗಿಟ್ಟು ಸುತ್ತ ನಿಂತೆವು. ಕಪಾಟಿನಲ್ಲಿದ್ದ ಬೋಗಿಗಳೆಲ್ಲ ಮುಗಿದಾಗ ಲೆಕ್ಕ ಮೂವತ್ತೊಂದು. 'ಹಿಲ್ಡಾ' ಅದೇ ಸಮನಾದ ಗುಯ್ ಸದ್ದಿನೊಂದಿಗೆ, ಎಲ್ಲೂ ಜಾರದೆ, ಮೂವತ್ತೊಂದನ್ನೂ ಮೇಲಕ್ಕೆ ಎಳೆದುಕೊಂಡು ಹೋದಳು.

ಪ್ರೌಟ್ ಬೋಗಿಗಳನ್ನು ಎರಡು ಸಲ ಎಣಿಸಿದರು. ಪುಸ್ತಕದಲ್ಲಿ ಬರೆದರು. ಆಮೇಲೆ ಎಂಜಿನನ್ನು ಮತ್ತೆ ಬೂಟಿನ ಪೆಟ್ಟಿಗೆಯಲ್ಲಿಟ್ಟು ಹೇಳಿದರು, "ಇವತ್ತು ಬಿಚ್ಚೋಕಾಗಲ್ಲ. ಸ್ಕ್ರೂಡ್ರೈವರ್ ಮರೆತುಬಂದಿದೀನಿ." ಅದು ಅವರ ಎದೆಜೇಬಿನಲ್ಲೇ ಇತ್ತು. ಅವರು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಶನಿವಾರ ಮಧ್ಯಾಹ್ನ ಪೈ ಅಂಗಡಿಯ ಸಾಲಿನಲ್ಲಿ ಪ್ರೌಟ್ ನನ್ನ ಮುಂದೆಯೇ ಇದ್ದರು. ಅವರ ಸರದಿ ಬಂತು. ಟೋಪಿ ತೆಗೆದರು.

"ಮಿಸೆಸ್ ಬೂತ್, ನಿಮ್ಮ ಹೆಸರಿನ ಎಂಜಿನನ್ನ ಗುರುವಾರ ಪರೀಕ್ಷೆ ಮಾಡಿದೆ."

ಹಿಲ್ಡಾಳ ಮುಖ ಕೆಂಪೇರಿತು. "ಆ ಮಾತು ನನ್ನ ಅಂಗಡೀಲಿ ಬೇಡ."

"ಬೇಡ ಅಂದ್ರೆ ಹೇಗೆ? ಪುಸ್ತಕದಲ್ಲಿ ಬರೆದಾಗಿದೆ. ಅಂಥ ಎಂಜಿನು ಇರಲೇಕೂಡದು. ಚಿಮಣಿ ತಪ್ಪು, ಗಾಲಿ ತಪ್ಪು, ಬಾಯ್ಲರಿನ ವಿಷಯ ನಾನು ಎತ್ತೋದೇ ಇಲ್ಲ. ಆದ್ರೆ ಭಾರ ತುಂಬಿದ ಮೂವತ್ತೊಂದು ಬೋಗೀನ ಏರು ಹತ್ತಿಸ್ತು."

ಹಿಲ್ಡಾ ಚಮಚ ಹಿಡಿದ ಕೈಯನ್ನು ಕೆಳಗಿಳಿಸಿದಳು.

"ಬೇರೆಯವು ಎಷ್ಟು ಎಳೀತವೆ?"

"ಕ್ಲಬ್ಬಿನಲ್ಲಿ ಎಲ್ಲಕ್ಕಿಂತ ಗಟ್ಟಿ ಎಂಜಿನು ಹದಿನೆಂಟಕ್ಕೆ ನಿಂತುಹೋಗುತ್ತೆ," ಎಂದರು ಪ್ರೌಟ್. ಟೋಪಿಯ ಅಂಚು ಸವರುತ್ತ ಸೇರಿಸಿದರು, "ಅದು ನನ್ನದು."

"ಮತ್ತೆ ಇದು? ಮಧ್ಯದಲ್ಲಿ ನಿಲ್ಲಲೇ ಇಲ್ವಾ?"

"ತಡವರಿಸಲೂ ಇಲ್ಲ. ಬೋಗಿ ಮುಗಿದುಹೋಯ್ತು. ಇನ್ನೂ ಇದ್ದಿದ್ರೆ ಇನ್ನೂ ಎಳೀತಿತ್ತು."

ಹಿಲ್ಡಾ ಚಮಚವನ್ನು ಬಿಸಿ ತಟ್ಟೆಗಳ ಪಕ್ಕದಲ್ಲಿಟ್ಟಳು. "ಇದು ಸಿರಿಲ್‌ಗೆ ಗೊತ್ತಿತ್ತಾ?"

"ಸೀಸ ತುಂಬಿದೋರು ಅವರೇ ಅಲ್ವೇ, ಮಿಸೆಸ್ ಬೂತ್? ನಿಮ್ಮ ಮೇಲೆ ಲೆಕ್ಕ ಹಾಕಿಯೇ ತುಂಬಿರಬೇಕು. ನನಗೊಂದು ಆಲೂಗಡ್ಡೆ ಪೈ."

ಅವಳು ಅವರಿಗೆ ಪೈ ಕೊಟ್ಟಳು. ಆಮೇಲೆ ಸಾಲಿನಲ್ಲಿದ್ದ ನಮ್ಮನ್ನೆಲ್ಲ ಅಲ್ಲೇ ಬಿಟ್ಟು, ನಾಲ್ಕು ಪೈಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ರಸ್ತೆ ದಾಟಿದಳು. ಈ ಸಲ ಒಳಗೇ ಹೋದಳು. ಸಾಲು ಬಿಟ್ಟು ನಾನೂ ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತೆ.

"ತಗೋ, ತಿನ್ನು. ಗಾಳಿಗೆ ಹಾರಿಹೋಗ್ತೀಯ ಹೀಗೇ ಆದ್ರೆ." ಪೈಗಳನ್ನು ಕನ್ನಡಿಯ ಮುಂದೆ ಕುಕ್ಕಿದಳು. "ಇಷ್ಟು ಎಳೀತಾಳೆ ಅಂತ ಒಂದು ಬೋರ್ಡು ಹಾಕೋಕೆ ಏನಾಗಿತ್ತೋ ನಿಂಗೆ, ಪೆದ್ದ?"

"ಹೇಳೋಣ ಅಂತಿದ್ದೆ. ನೀನು ಬಿಡಲಿಲ್ಲ."

"ನಾನು ಬಿಡದೇ ಇದ್ರೆ ನಿನಗೆ ಬಾಯಿಲ್ವಾ!" ಎನ್ನುವಾಗ ಹಿಲ್ಡಾ ಏಪ್ರನ್ನಿನ ತುದಿಯಿಂದ ಮೂಗು ಒರೆಸಿಕೊಂಡಳು. ಎಂಟು ದಿನದೊಳಗೆ ಹಲಗೆ ಕಿಟಕಿಗೆ ಮರಳಿತು. ಪ್ರೌಟ್ ಹಿಂತಿರುಗಿಸಿದ ಸಾಸಿವೆ ಡಬ್ಬಿಯ ಎಂಜಿನಿನ ಪಕ್ಕದಲ್ಲಿ ಒಂದು ರಟ್ಟಿನ ಚೀಟಿ: 'ಹಿಲ್ಡಾ. ಮೂವತ್ತೊಂದು ಬೋಗಿ.' ಕಂಡಕ್ಟರು ಅದನ್ನೋದಿ, ಟೋಪಿ ಸರಿಮಾಡಿಕೊಂಡು ಬಸ್ಸು ಹತ್ತಿದ.

ಇಷ್ಟಾದ ಮೇಲೆ ಎನಿಡ್ ಬಾಯಿ ಬಿಟ್ಟಳು. ಅವಳು ಗಿರಣಿಯಲ್ಲಿ ನೇಯ್ದ ಬಟ್ಟೆಯ ದೋಷ ಹುಡುಕಿ ಸೂಜಿಯಿಂದ ತಿದ್ದುವವಳು. ಕಡಿಮೆ ಮಾತು, ಆಡಿದ್ದು ಮೊನಚು. ಆ ಭಾನುವಾರ ನಾನು ಅವರ ಮನೆಗೆ ಚಹಾಕ್ಕೆ ಹೋಗಿದ್ದೆ.

"ಹಿಲ್ಡಾಗಾಯ್ತು, ಪಾದ್ರಿಗಾಯ್ತು, ಆಲ್ಬರ್ಟ್‌ನ ಕಾಲುಚೀಲಕ್ಕೂ ಆಯ್ತು," ಎಂದಳು ಕೇಕು ಕತ್ತರಿಸುತ್ತ. "ಇಪ್ಪತ್ತಾರು ವರ್ಷದಿಂದ ನಿನಗೆ ಬೇಯಿಸಿ ಹಾಕ್ತಿದೀನಿ. ನನ್ನ ಎಂಜಿನ್ ಎಲ್ಲಿ ಸಿರಿಲ್?"

ಸಿರಿಲ್ ಎದ್ದು ಹೋಗಿ ಒಂದು ಡಬ್ಬಿ ತಂದು ಅವಳ ಮುಂದೆ ತೆರೆದ. ಅದರಲ್ಲಿ ಅರೆಬರೆ ಎಂಜಿನುಗಳು ಏಳಿದ್ದವು. ಒಂದಕ್ಕೂ ಮುಖವಿಲ್ಲ.

"ಎಲ್ಲಾ ನಿನ್ನವೇ. ಒಂದೂ ಕೂಡಿಬರಲಿಲ್ಲ. ಬೇರೆಯವರೆಲ್ಲ ಕುರ್ಚೀಲಿ ಕೂರ್ತಾರೆ, ನೋಡ್ತೀನಿ. ನೀನು ಹೆಂಗಸರ ಕೂದಲಂಗಡಿ ಮೇಬಲ್ ಹತ್ರ ಹೋಗಿ ಕೂದಲು ಕಟ್ ಮಾಡಿಸ್ಕೊಂಡು ಬರ್ತೀಯ."

"ನೀನು ಗಂಡಸರ ಕ್ಷೌರದೋನು!"

"ಅದಕ್ಕೇ."

ಎನಿಡ್ ಅವನನ್ನೇ ನೋಡಿದಳು. "ಬುಧವಾರ ಮಧ್ಯಾಹ್ನ ನಿನ್ನ ಅಂಗಡಿ ರಜಾ ಅಲ್ವಾ? ಬರ್ತೀನಿ. ಕಿವಿ ಕತ್ತರಿಸಿದ್ರೆ ನೋಡು."

ಬುಧವಾರ ಅವಳು ಬಂದಳು. ಪರದೆ ಎಳೆದಿತ್ತು. ಗೋಡೆಯಾಚೆ ನನಗೆ ಕತ್ತರಿಯ ಸದ್ದು ಬಿಟ್ಟರೆ ಬಹಳ ಹೊತ್ತು ಬೇರೇನೂ ಕೇಳಲಿಲ್ಲ. ಆಮೇಲೆ ಸಿರಿಲ್ ನನಗೆ ಹೇಳಿದ, ಅವಳ ಬಲಕಿವಿಯ ಹಿಂದೆ ಕಾಳುಮೆಣಸಿನಷ್ಟು ಒಂದು ಮಚ್ಚೆಯಿದೆಯಂತೆ. "ಇಪ್ಪತ್ತಾರು ವರ್ಷ ಪಕ್ಕದಲ್ಲೇ ಇತ್ತು, ನಾನು ನೋಡೇ ಇರಲಿಲ್ಲ ಮಾರಾಯ," ಎಂದು ಅಪರಾಧ ಒಪ್ಪಿಕೊಳ್ಳುವವನ ಹಾಗೆ ಹೇಳಿದ. ಕ್ಷೌರವಂತೂ ಕೆಟ್ಟಿತ್ತು. ಎನಿಡ್ ಒಂದು ತಿಂಗಳು ತಲೆಗೆ ಬಟ್ಟೆ ಕಟ್ಟಿಕೊಂಡು ಗಿರಣಿಗೆ ಹೋದಳು.

ಆ ತಿಂಗಳ ಕೊನೆಗೆ ಎಂಜಿನು ಆಯಿತು. ಒಂಬತ್ತು ಬೇರೆ ಬೇರೆ ಎಂಜಿನುಗಳ ಭಾಗಗಳಿಂದ ಮಾಡಿದ್ದು, ಆದರೆ ಎಲ್ಲೂ ಬೆಸುಗೆ ಕಾಣದು. ಸಣ್ಣದು, ಕಡುಹಸಿರು, ಒಪ್ಪ ಮೈ. ಓಡಿದರೆ ಸದ್ದೇ ಇಲ್ಲ. ನಾವೆಲ್ಲ ಬೆರಗಾದೆವು. ಪ್ರೌಟ್ ಅಳತೆಪಟ್ಟಿ ಹಿಡಿದು ನೋಡಿ, "ಇದಂತೂ ಎಲ್ಲೋ ಓಡಿರಲೇಬೇಕು," ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ.

ಎನಿಡ್ ಅದನ್ನು ಅಂಗೈಯಲ್ಲಿಟ್ಟು ತಿರುಗಿಸಿ ತಿರುಗಿಸಿ ನೋಡಿದಳು.

"ಇದರಲ್ಲಿ ತಮಾಷೆ ಎಲ್ಲಿದೆ?"

"ಇಲ್ಲ. ಎಷ್ಟು ನೋಡಿದ್ರೂ ನಿನ್ನಲ್ಲಿ ನಗೋವಂಥದ್ದು ಏನೂ ಸಿಗಲಿಲ್ಲ," ಎಂದ ಸಿರಿಲ್, ಮುಖವೆಲ್ಲ ಅರಳಿಸಿಕೊಂಡು. ಇಪ್ಪತ್ತಾರು ವರ್ಷಕ್ಕೆ ಅದೇ ಅವನ ದೊಡ್ಡ ಪ್ರೇಮದ ಮಾತು ಎಂದು ಕಾಣುತ್ತದೆ.

"ಹಾಗಾದ್ರೆ ನಾನೇನು ಗೋರಿಕಲ್ಲೇನೋ?" ಎನಿಡ್‌ಳಿಗೆ ನಿಜಕ್ಕೂ ಕೋಪ ಬಂದಿತ್ತು. "ಹಿಲ್ಡಾಗೆ ಸಾಸಿವೆ ಡಬ್ಬಿ, ಪಾದ್ರಿಗೆ ಕೊಕ್ಕರೆ ಕತ್ತು, ನನಗೆ ಮಾತ್ರ ಮರ್ಯಾದೆಯಾ? ಎಲ್ಲಿ, ಆ ಡಬ್ಬಿ ಕೊಡಿಲ್ಲಿ!"

ಅವಳು ಬಿಸ್ಕತ್ತಿನ ಡಬ್ಬಿಯನ್ನು ಮೇಜಿನ ಮೇಲೆ ಸುರಿದು ಎರಡು ಬೆರಳಲ್ಲಿ ಕೆದಕಿದಳು. ಒಂದು ಕೆಂಪು ಗಾಜಿನ ಗುಂಡಿ, ಒಂದು ಹಿತ್ತಾಳೆಯ ಪರದೆಯುಂಗುರ, ಕೀಲಿ ಕೊಡುವ ಹಳೆಯ ಗಡಿಯಾರದ ಚಿಟ್ಟೆಯಾಕಾರದ ಕೀಲಿ ಎತ್ತಿಕೊಂಡಳು. ಮೊದಲಿನ ಎರಡನ್ನು ಬದಿಗಿಟ್ಟು, ಕೀಲಿಯನ್ನು ಎಂಜಿನಿನ ಬೆನ್ನಿಗೆ ಒತ್ತಿ ಹಿಡಿದು, "ಇಲ್ಲಿ ಬೆಸುಗೆ ಹಾಕು. ಯಾರಾದ್ರೂ ಕೀಲಿ ಕೊಡದೇ ಇದ್ರೆ ಈ ಮನೇಲಿ ಒಂದೂ ನಡೆಯಲ್ಲ," ಎಂದಳು. ಸಿರಿಲ್ ಬೆಸುಗೆ ಹಾಕುವಾಗ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದ. ಪ್ರೌಟ್ ನಿಟ್ಟುಸಿರು ಬಿಟ್ಟು ಅಳತೆಪಟ್ಟಿಯನ್ನು ಜೇಬಿಗೆ ಹಾಕಿಕೊಂಡರು.

ಎಂಬತ್ಮೂರನೆಯ ಇಸವಿಯಲ್ಲಿ ಸಿರಿಲ್‌ನ ಕೈ ನಡುಗಲು ಶುರುವಾಯಿತು. ಕತ್ತಿ ಹಿಡಿಯುವ ಹಾಗಿರಲಿಲ್ಲ, ಅಂಗಡಿಯನ್ನು ಮೇಬಲ್‌ಗೆ ಬಿಟ್ಟುಕೊಟ್ಟ. ಎಂಜಿನುಗಳ ಕೆಲಸ ಮಾತ್ರ ನಿಲ್ಲಲಿಲ್ಲ. ಗಿರಣಿ ಮುಚ್ಚಿಹೋಗಿದ್ದರಿಂದ ಎನಿಡ್ ಮನೆಯಲ್ಲೇ ಇದ್ದಳು. ಅವನು ಹೇಳುವುದು, ಅವಳು ಮಾಡುವುದು. "ಎಡಕ್ಕೆ." "ನಿನ್ನ ಎಡಕ್ಕೋ ನನ್ನ ಎಡಕ್ಕೋ?" "ಎಂಜಿನಿನ ಎಡಕ್ಕೆ!" "ಅದರ ಮುಖ ಯಾವ ಕಡೆ ಅಂತ ನೀನು ಮೊದ್ಲು ತೀರ್ಮಾನ ಮಾಡು!" ದಿನವೆಲ್ಲ ಹೀಗೆ. ನಾಲ್ಕು ವರ್ಷದಲ್ಲಿ ಹನ್ನೆರಡು ಎಂಜಿನು ಮಾಡಿದರು. ಹನ್ನೆರಡನೆಯದು ಹೊಸದಾಗಿ ಬಂದ ಡಾಕ್ಟರಮ್ಮನದು. ಅದನ್ನು ನೋಡಿ ಅವಳು ಸಿರಿಲ್‌ನ ನಾಡಿ ಹಿಡಿಯುವುದನ್ನೇ ಮರೆತು ನಕ್ಕಳಂತೆ.

ಎಂಬತ್ತೇಳರ ಮಾರ್ಚಿನಲ್ಲಿ ಸಿರಿಲ್ ತೀರಿಕೊಂಡ. ಪೆಟ್ಟಿಗೆ ಮಾಡಿದವನು ಆಲ್ಬರ್ಟ್. ಮಣ್ಣಿಗೆ ಬಂದವರಿಗೆಲ್ಲ ಹಿಲ್ಡಾ ಪೈ ಬಡಿಸಿದಳು, ಒಬ್ಬರಿಗೂ ಎರಡನೆಯದು ಬೇಡ ಎನ್ನಲು ಬಿಡಲಿಲ್ಲ. ನಾಲ್ಕನೆಯ ನಿಯಮ ಈಗಲೂ ಕ್ಲಬ್ಬಿನ ಗೋಡೆಯ ಮೇಲಿದೆ. ಆದರೆ ಆ ಬೇಸಿಗೆಯಿಡೀ ಪ್ರೌಟ್ ಮನೆಮನೆಗೆ ಹೋಗಿ ಸಿರಿಲ್‌ನ ಎಂಜಿನುಗಳನ್ನು ಅಳೆದುಕೊಂಡು ಬಂದರು. ನನ್ನ ಗಲ್ಲಾದ ಪಕ್ಕದ್ದನ್ನು ಅಳೆಯಲು ಒಂದು ಮಧ್ಯಾಹ್ನ ತೆಗೆದುಕೊಂಡರು. ಒಂದೊಂದಕ್ಕೂ ಶಾಯಿಯಲ್ಲಿ ನಕ್ಷೆ ಬರೆದು, ಮುಂದಿನಿಂದ, ಪಕ್ಕದಿಂದ, ಮೇಲಿನಿಂದ ಎಂದು ಮೂರು ನೋಟ ಕೊಟ್ಟು, ಕೆಳಗೆ ಹೆಸರು ಹಾಕಿದರು. "ಕಾಗದದ ಮೇಲಾದ್ರೂ ಇರಲಿ. ದಾಖಲೆ ಇಲ್ಲದ ವಸ್ತು ನನಗಾಗಲ್ಲ," ಎಂದರು, ಯಾರೂ ಏನೂ ಕೇಳದಿದ್ದರೂ.

ಎನಿಡ್ ಗುರುವಾರಗಳಂದು ಕ್ಲಬ್ಬಿಗೆ ಬರುತ್ತಾಳೆ, ಪ್ರೌಟ್ ಅವರ ಎದುರಿಗೇ ಕೂರುತ್ತಾಳೆ. ಹೋದ ವಾರ ನನ್ನ ಅಂಗಡಿಗೆ ಬಂದು, ಉಬ್ಬಸದವರು ಹಿಂತಿರುಗಿಸುವ ಖಾಲಿ ಇನ್ಹೇಲರುಗಳ ನೀಲಿ ಮುಚ್ಚಳಗಳು ಬೇಕೆಂದು ಕೇಳಿದಳು. ಒಂದು ಚೀಲ ತುಂಬ ಕೊಟ್ಟೆ. ಕೌಂಟರಿನ ಮೇಲೆ ಒಂದನ್ನು ನಿಲ್ಲಿಸಿ, ತಲೆ ಓರೆ ಮಾಡಿ ನೋಡಿ, ನನ್ನ ಮುಖವನ್ನೂ ಒಂದು ಸಲ ನೋಡಿದಳು.

"ನನ್ನದು ಆಗಲೇ ಇದೆಯಲ್ಲ ಎನಿಡ್," ಎಂದೆ.

"ಅದು ಎಪ್ಪತ್ನಾಲ್ಕರದು. ಆವಾಗ ನಿಮಗೆ ಕೂದಲಿತ್ತು," ಎನ್ನುತ್ತ ಚೀಲ ಎತ್ತಿಕೊಂಡು ಬಸ್ಸಿಗೆ ಹೊರಟಳು.